ಐದನೇ ಕಲಮಿನ ಉಳಿದರ್ಧ

ಸುಟ್ಟ ರಾಗಿಹುಲ್ಲಿಗೆ ನೀರು ಬಿದ್ದಾಗ ಬರುವ ವಾಸನೆ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಹೋದ ತಿಂಗಳು ನೆಲಮಂಗಲದಿಂದ ಮಾಗಡಿಗೆ ಹೊರಟ ಬಸ್ಸು ಸೋಲೂರು ದಾಟಿದ ಮೇಲೆ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಕರೆಂಟಿನ ತಂತಿಯಿಂದ ಕಿಡಿ ಉದುರಿ ಯಾರದೋ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತ್ತು, ಜನ ಕೊಡದಲ್ಲಿ ನೀರು ತಂದು ಎರಚುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಎದ್ದು ಇಣುಕಿದರು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ತಲೆ ಬಗ್ಗಿಸಿದೆ. ಪಕ್ಕದ ಹೆಂಗಸು, "ವಾಂತಿ ಬತ್ತೈತೇನವ್ವಾ? ನಿಂಬೆಹಣ್ಣು ಐತೆ, ಕೊಡ್ಲಾ?" ಎಂದರು. ವಾಂತಿಯಲ್ಲ. ಆ ವಾಸನೆ ಬಂದರೆ ಹಿಂದೆಯೇ ನನ್ನ ಮೂಗಿಗೆ ರಕ್ತದ ವಾಸನೆಯೂ ಬರುತ್ತದೆ. ಮಾಗಡಿಗೆ ಟಿಕೆಟ್ ತೆಗೆದಿದ್ದವಳು ಹೊನ್ನಗಟ್ಟೆ ಕವಲಿನಲ್ಲೇ ಇಳಿದುಬಿಟ್ಟೆ.

ನಾನು ಚನ್ನಪಟ್ಟಣದವಳು. ಕೆಲವು ವರ್ಷಗಳ ಹಿಂದೆ ಒಂದು ವರ್ಷದ ಮಟ್ಟಿಗೆ ಮಾಗಡಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ಊಟಕ್ಕೆ ಕರೆಯುವುದಿಲ್ಲ, ಆದರೆ ಯಾವಾಗ ಬೇಕಾದರೂ ಹೊರಡಿ ಎನ್ನಬಹುದು, ಅಷ್ಟೇ. ನನಗೆ ಆಗ ಮೂವತ್ತು ದಾಟಿತ್ತು, ಬಾಯಿ ಜೋರು, ಸೋಲು ಕಂಡರೆ ಆಗುತ್ತಿರಲಿಲ್ಲ. ಕೆಲಸ ಕಾಯಂ ಆಗಬೇಕಾದರೆ ಏನಾದರೂ ಮಾಡಿ ತೋರಿಸಬೇಕು ಎಂಬ ಹಟ ಬೇರೆ.

ಆ ವರ್ಷ ಯುಕ್ರೇನಿನಲ್ಲಿ ಯುದ್ಧ ನಡೆಯುತ್ತಿತ್ತು. ಕಂದಕದಲ್ಲಿ ಮುದುರಿ ಕುಳಿತ ಸೈನಿಕನ ನೆತ್ತಿಯ ಮೇಲೆ ಡ್ರೋನು ಬಂದು ನಿಲ್ಲುವುದು, ಅವನು ತಲೆ ಎತ್ತಿ ನೋಡುವುದು, ಆಮೇಲೆ ಬರೀ ಹೊಗೆ. ಇದನ್ನು ನಮ್ಮ ಹುಡುಗರು ಕೊನೆಯ ಬೆಂಚಿನಲ್ಲಿ ಕುಳಿತು ಫೋನಿನಲ್ಲಿ ನೋಡುತ್ತಿದ್ದರು. ಒಮ್ಮೆ ಫೋನು ಕಿತ್ತುಕೊಂಡೆ. ಬೈಯಲು ಬಾಯಿ ತೆರೆದವಳು ಪೂರ್ತಿ ನೋಡಿ, ಸುಮ್ಮನೆ ವಾಪಸ್ ಕೊಟ್ಟೆ. ಆ ಸೈನಿಕನಿಗೆ ನಮ್ಮ ಹುಡುಗರದೇ ವಯಸ್ಸು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂತರಕಾಲೇಜು ಚರ್ಚಾಸ್ಪರ್ಧೆಯ ಸುತ್ತೋಲೆ ಬಂತು. ವಿಷಯ: ಬ್ರಿಟನ್ನಿನ ರಕ್ಷಣೆಗೆ ಸೈನಿಕ ಮೈತ್ರಿ ಬಲವೋ, ಭಾರವೋ. ಒಂದು ಕಾಲೇಜಿನಿಂದ ಇಬ್ಬರು, ಒಬ್ಬ ಪರ, ಒಬ್ಬ ವಿರೋಧ. ನಾನು ಬಾಡಿಗೆಗಿದ್ದ ಮನೆಯ ಗೌರಕ್ಕ ಇದನ್ನು ಕೇಳಿ, "ಅವ್ರೇ ನಮ್ಮುನ್ನ ಬುಟ್ಟೋದ್ರೂ ನೀವು ಅವ್ರುನ್ನ ಬುಡಂಗಿಲ್ವಲ್ಲಾ" ಎಂದು ನಕ್ಕರು.

ಬಂದ ಹುಡುಗರಿಬ್ಬರೂ ಒಂದೇ ಬೆಂಚಿನವರು. ಮಾದೇಶ ಬಿಳಿಗಲ್ಲಹಟ್ಟಿಯವನು. ಕುರಿ ಸಾಕುವವರ ಹಟ್ಟಿ ಅದು, ಮೂವತ್ತು ಮನೆ ಇದ್ದರೆ ಹೆಚ್ಚು. ಪುಟ್ಟರಾಜು ಪಕ್ಕದ ಹೊನ್ನಗಟ್ಟೆಯವನು. ಅದು ಬೇಸಾಯದವರ ದೊಡ್ಡ ಊರು, ರಾಗಿ ಹೊಲ, ತೆಂಗಿನ ತೋಟ, ರೇಷ್ಮೆಗೆಂದು ಹಿಪ್ಪುನೇರಳೆ ಕಡ್ಡಿ. ಸುಗ್ಗಿ ಮುಗಿದ ಮೇಲೆ ಹಟ್ಟಿಯವರು ತಮ್ಮ ಮಂದೆಯನ್ನು ಹೊನ್ನಗಟ್ಟೆಯ ಹೊಲಗಳಲ್ಲಿ ಸರದಿಯ ಮೇಲೆ ರಾತ್ರಿ ಕೂಡಿಹಾಕುತ್ತಾರೆ. ಕುರಿಯ ಗೊಬ್ಬರ ಹೊಲಕ್ಕೆ, ಹೊಲದವರ ರಾಗಿ ಹಟ್ಟಿಗೆ. ಈ ಕೊಡುಕೊಳ್ಳುವಿಕೆ ಎಷ್ಟು ತಲೆಮಾರಿನದೋ ಯಾರಿಗೂ ಗೊತ್ತಿಲ್ಲ. ಜಗಳವೂ ಅಷ್ಟೇ ಹಳೆಯದು. ಮೇವು ತಿಂದಿತು, ಬೇಲಿ ಮುರಿಯಿತು, ಏನೋ ಒಂದು ನೆಪ. ಆದರೆ ಪ್ರತಿ ಸಲ ಏಟು ತಿಂದವರು ಹಟ್ಟಿಯವರೇ, ಏಕೆಂದರೆ ಅವರು ಕಡಿಮೆ ಜನ.

ನಾನು ಇಂಗ್ಲೆಂಡಿನ ಪತ್ರಿಕೆಗಳನ್ನು ಫೋನಿನಲ್ಲಿ ತೆರೆದು, ಅಲ್ಲಿನ ಜನ ಕಿತ್ತಾಡುವುದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಸೈನ್ಯ ಸೊರಗಿದೆ, ಹಣ ಹಾಕಿ ಎನ್ನುವವರು ಕೆಲವರು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದಾಗ ಕ್ಷಿಪಣಿ ಯಾಕೆ ಎನ್ನುವವರು ಕೆಲವರು. ಮನೆಗೊಬ್ಬ ಮಗನನ್ನು ಮತ್ತೆ ಸೈನ್ಯಕ್ಕೆ ಕಳಿಸಬೇಕಾದೀತೆ ಎಂದು ಹೆದರುವವರು. ಸಮುದ್ರದಾಚೆಯ ದೊಡ್ಡ ಗೆಳೆಯ ಕೈಕೊಟ್ಟರೆ ಗತಿಯೇನು ಎಂದು ಕೇಳುವವರು. ಎಲ್ಲದರ ನಡುವೆ ಅಟ್ಲಾಂಟಿಕ್ ಸಾಗರದ ಎರಡೂ ದಡದ ದೇಶಗಳು ಸೇರಿ ಮಾಡಿಕೊಂಡ ಆ ಸೈನಿಕ ಕೂಟ, ಅದರ ಕರಾರಿನ ಐದನೇ ಕಲಮು. ಅದನ್ನು ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೂ ಬಿದ್ದಂತೆ.

ಮಾದೇಶ ಅದನ್ನು ಬಹಳ ಹೊತ್ತು ನೋಡಿದ. "ಮೇಡಂ, ಇದ್ನ ಬರೆದೋನು ಸಣ್ಣೂರಿನೋನೇ ಇರ್ಬೇಕು" ಎಂದ.

"ದೊಡ್ಡೂರಿನೋನೇ ಬರ್ದವ್ನೆ ಕಣ್ಲಾ" ಎಂದ ಪುಟ್ಟರಾಜು. "ಸಣ್ಣೂರಿನೋರು ಬಂದು ಸಾಯ್ಲಿ ಅಂತ."

ಇಡೀ ತರಗತಿ ನಕ್ಕಿತು. ನನಗೆ ನನ್ನ ಪರ ಮತ್ತು ವಿರೋಧ ಸಿಕ್ಕಿಬಿಟ್ಟರು. ಪುಟ್ಟರಾಜುವಿನ ಮನೆಯಲ್ಲಿ ಒಂದು ಕಥೆಯಿತ್ತು. ಅವನ ಮುತ್ತಾತ ಬ್ರಿಟಿಷರ ಕಾಲದಲ್ಲಿ ಜರ್ಮನ್ ಯುದ್ಧಕ್ಕೆ ಹೇಸರಗತ್ತೆ ಹೊಡೆದುಕೊಂಡು ಹೋದವನು ಮರಳುಗಾಡಿನಲ್ಲಿ ಎಲ್ಲೋ ಹೊಟ್ಟೆ ಬಗೆಸಿಕೊಂಡು ಸತ್ತನಂತೆ. ಊರಿಗೆ ಒಂದು ಪದಕ ಮಾತ್ರ ಬಂತು. "ಯಾರ ಜಗಳ, ಯಾರ ಕರುಳು ಮೇಡಂ? ದೋಸ್ತಿ ಮಾಡ್ಕಂಡೋರು ದೊರೆಗಳು, ಕರುಳು ಮಾತ್ರ ನಮ್ಮ ಮುತ್ತಾತಂದು" ಎಂದು ಅವನು ಹೇಳಿದಾಗ ನಾನು ಬೆಂಚು ಕುಟ್ಟಿ, "ಇದನ್ನೇ, ಹೀಗೇ ಹೇಳು" ಎಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಒಂದು ದಿನ ಮಾದೇಶ ಕಾಲೇಜಿಗೆ ಬಂದಿರಲಿಲ್ಲ. ಕುರಿಗಳಿಗೆ ಲಸಿಕೆ ಹಾಕಿಸಲು ಹೋಗಿದ್ದ. ಪುಟ್ಟರಾಜು ಗ್ರಂಥಾಲಯದಿಂದ ಒಂದು ಪುಸ್ತಕ ಹಿಡಿದು ಬಂದು, "ಮೇಡಂ, ಈ ಐದನೇ ಕಲಮಲ್ಲಿ ಇನ್ನೂ ಐತಲ್ಲ. ಎಲ್ಲರ ಮೇಲೂ ಬಿದ್ದಂಗೆ ಅಂದ್ಮೇಲೆ, ಏನು ಸಹಾಯ ಮಾಡ್ಬೇಕು, ಎಷ್ಟು ಮಾಡ್ಬೇಕು ಅನ್ನೋದ್ನ ಒಂದೊಂದು ದೇಶಾನೂ ತನಗೆ ಸರಿ ಕಂಡಂಗೆ ತೀರ್ಮಾನ ಮಾಡ್ಕಬೋದಂತೆ. ಬಂದೂಕನ್ನೇ ತರ್ಬೇಕು ಅಂತೇನೂ ಇಲ್ಲ" ಎಂದ.

ನನಗೆ ಗೊತ್ತಿತ್ತು. ನನ್ನ ಟಿಪ್ಪಣಿಯಲ್ಲೇ ಇತ್ತು. "ಅದು ವಕೀಲರ ಮಾತು" ಎಂದೆ. "ಅದನ್ನ ಹೇಳಿದ್ರೆ ಮಾದೇಶನ ಭಾಷಣ ಸಪ್ಪೆಯಾಗುತ್ತೆ, ಚಪ್ಪಾಳೆ ಬೀಳಲ್ಲ. ಅವನಿಗೆ ಹೇಳ್ಬೇಡ, ಗೊಂದಲ ಮಾಡ್ಕೋತಾನೆ. ಬೇಕಾದ್ರೆ ಫೈನಲ್‌ಗೆ ನೀನು ಇಟ್ಕೊ."

ಅವನು ತಲೆಯಾಡಿಸಿ ಹೋದ. ಹೇಳಿದ ಮಾತು ಕೇಳುವ ಹುಡುಗ.

ರಾಮನಗರದಲ್ಲಿ ಮೊದಲ ಸುತ್ತು. ಮಾದೇಶ ಬಿಳಿ ಅಂಗಿ ತೊಟ್ಟು ವೇದಿಕೆ ಹತ್ತಿದ. ಬ್ರಿಟನ್ನಿನದೊಂದು ಜಲಾಂತರ್ಗಾಮಿ ಯಾವಾಗಲೂ ಸಮುದ್ರದ ಅಡಿಯಲ್ಲಿ ಇರುತ್ತದೆ, ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಅದರ ಬಾಂಬು ಒಮ್ಮೆಯೂ ಸಿಡಿದಿಲ್ಲ, ಆದರೂ ಅದು ದಿನವೂ ಕೆಲಸ ಮಾಡುತ್ತಿದೆ ಎಂದ. "ಒಂಟಿಯಾದವನನ್ನು ಎಲ್ಲರೂ ಹೊಡೆಯುತ್ತಾರೆ. ಅವನ ಹಿಂದೆ ನಲವತ್ತು ಜನ ನಿಂತರೆ ಯಾರೂ ಹೊಡೆಯುವುದಿಲ್ಲ, ಅವರೂ ಯಾರನ್ನೂ ಹೊಡೆಯಬೇಕಾಗಿಲ್ಲ. ನಿಂತರೆ ಸಾಕು!" ಎಂದು ಕೈ ಎತ್ತಿದಾಗ ಸಭಾಂಗಣ ಮೊರೆಯಿತು. ಅವನು ಇಂಗ್ಲೆಂಡಿನ ಮಾತೇ ಆಡುತ್ತಿದ್ದಾನೆ ಎಂದು ನಾನು ನಂಬಿದ್ದೆ. ಪುಟ್ಟರಾಜು ಮುತ್ತಾತನ ಪದಕವನ್ನೇ ಜೇಬಿನಿಂದ ತೆಗೆದು ತೋರಿಸಿದ. ಇಬ್ಬರೂ ಗೆದ್ದರು.

ಆ ಗೆಲುವಿಗೆ ಮಾದೇಶನ ಅಪ್ಪ ಕಾಳಪ್ಪ ಒಂದು ಮರಿ ಕಡಿಸಿ ನನ್ನನ್ನು ಹಟ್ಟಿಗೆ ಊಟಕ್ಕೆ ಕರೆದರು. ಊಟಕ್ಕೆ ಮುಂಚೆ ಮಾತಿಗೆ ಕುಳಿತಾಗ ಅವರು ಪಂಚೆ ಸರಿಸಿ ಮಂಡಿಯ ಕೆಳಗೆ ಮೂಳೆಯ ಮೇಲಿನ ಒಂದು ತಗ್ಗು ತೋರಿಸಿದರು, ಹೆಬ್ಬೆರಳು ಇಟ್ಟರೆ ಕೂರುವಷ್ಟು ಆಳ.

"ಇದು ಹೊನ್ನಗಟ್ಟೆ ಗಿರಿಗೌಡ ಕೊಟ್ಟಿದ್ದು ಮೇಷ್ಟ್ರಮ್ಮ. ನಾನೂ ಅವನಿಗೆ ಇಂಥದ್ದೇ ಒಂದು ಕೊಟ್ಟಿವ್ನಿ. ಮಂಡಿಯಿಂದ ಕೆಳಕ್ಕೇ ಹೊಡೀಬೇಕು, ದೊಣ್ಣೇಲೇ ಹೊಡೀಬೇಕು. ಬೆಳಗೆದ್ರೆ ಅವನ ಹೊಲದಲ್ಲೇ ಮಂದೆ ಕೂಡ್ಬೇಕಲ್ಲ. ಹೊಲದೋನೇ ಸತ್ರೆ ರಾಗಿ ಯಾರು ಅಳೀತಾರೆ?"

ಗಿರಿಗೌಡ ಎಂದರೆ ಪುಟ್ಟರಾಜುವಿನ ದೊಡ್ಡಪ್ಪ. ಇದನ್ನು ಕಾಳಪ್ಪ ನಗುತ್ತಲೇ ಹೇಳಿದರು. ಮಾದೇಶ ನಗಲಿಲ್ಲ. "ಇನ್ಮೇಲೆ ಮಂಡಿ ಕೆಳಕ್ಕೂ ಬೀಳಾಕಿಲ್ಲ ಬುಡಪ್ಪ" ಎಂದ.

ಆಗ ಗೊತ್ತಾಯಿತು, ಆ ಊಟಕ್ಕೆ ನಾನೊಬ್ಬಳೇ ಬಂದಿರಲಿಲ್ಲ. ಕೆರೆಯ ಆಚೆಯ ಮರಳುದೊಡ್ಡಿ ಊರಿನ ಗಂಡಸರು ಹತ್ತು ಹದಿನೈದು ಜನ ಬೇವಿನ ಮರದಡಿ ಕೂತಿದ್ದರು. ಕೆರೆ ನೀರಿನ ವಿಷಯದಲ್ಲಿ ಅವರಿಗೂ ಹೊನ್ನಗಟ್ಟೆಯ ಮೇಲೆ ಹಳೆಯ ಹಗೆ. ಮಾದೇಶ ಒಂದು ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ತಂದು ನಡುವೆ ಇಟ್ಟ. ಎಲೆ ಹಿಡಿದು ಆಡಿದ ಮಾತು ಆ ಕಡೆ ಕಾಗದಕ್ಕಿಂತ ಗಟ್ಟಿ. ಎಲೆ ಹಿಡಿದವನು ಹಿಂದೆ ಸರಿದರೆ ಅವನ ಮನೆಗೆ ಹೆಣ್ಣು ಕೊಡುವವರಿರುವುದಿಲ್ಲ. ಮಾದೇಶ ನಿಂತು ಹೇಳಿದ, "ಒಬ್ಬರ ಮೇಲೆ ಬಿದ್ರೆ ಎಲ್ಲರ ಮೇಲೂ ಬಿದ್ದಂಗೆ." ಎರಡೂ ಊರಿನವರು ಒಬ್ಬೊಬ್ಬರಾಗಿ ಎಲೆ ಎತ್ತಿಕೊಂಡು ಅದೇ ಮಾತು ಹೇಳಿದರು. ನನ್ನ ಹಲಗೆಯ ಮೇಲಿನ ಸಾಲು, ನನ್ನದೇ ಅಕ್ಷರ.

ನನಗೆ ಭಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಮ್ಮೆಯಾಯಿತು. ಪಾಠ ಹೀಗೆ ಜನರ ಬಾಯಿಗೆ ಬಂದದ್ದನ್ನು ಯಾವ ಕಾಯಂ ಪ್ರಾಧ್ಯಾಪಕ ನೋಡಿದ್ದಾನೆ ಎಂದುಕೊಂಡು ಎರಡು ಮುದ್ದೆ ಉಂಡೆ. ಕಾಳಪ್ಪ ಮಾತ್ರ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಮೆಲ್ಲಗೆ, "ಹೊನ್ನಗಟ್ಟೆಯೋರ ಮುಖ ನಮಗೆ ಗೊತ್ತು. ಮರಳುದೊಡ್ಡಿಯೋರಿಗೆ ಗೊತ್ತಿಲ್ಲ ಕಣಮ್ಮ" ಎಂದರು. ಅದು ನನ್ನ ತಲೆಗೆ ಹೋಗಲಿಲ್ಲ.

ಎಲೆ ಹಿಡಿದ ಸುದ್ದಿ ಎರಡೇ ದಿನದಲ್ಲಿ ಹೊನ್ನಗಟ್ಟೆಗೆ ಮುಟ್ಟಿತು. ಅವರೂ ತಮ್ಮ ನೆಂಟರ ಊರುಗಳಿಗೆ ಹೇಳಿ ಕಳಿಸಿದರು. ಸುಗ್ಗಿಗೆ ಕುಡುಗೋಲು ಹದ ಮಾಡಿಸಲು ಕುಲುಮೆಗೆ ಹೋಗುತ್ತಿದ್ದವರು ಜೊತೆಗೆ ಮಚ್ಚನ್ನೂ ಒಯ್ಯತೊಡಗಿದರು. ಬಸ್ಸಿನಲ್ಲಿ ಒಂದೂರಿನವರು ಮುಂದೆ, ಇನ್ನೊಂದೂರಿನವರು ಹಿಂದೆ. ಒಂದು ದಿನ ಹಿಂದಿನ ಬಾಗಿಲಲ್ಲಿ ಯಾರೋ ಯಾರದೋ ಮೂಗಿಗೆ ಗುದ್ದಿ ಸೀಟೆಲ್ಲ ರಕ್ತವಾಯಿತು. ಮಾದೇಶ, ಪುಟ್ಟರಾಜು ಮಾತ್ರ ನಡುವಿನ ಸೀಟಿನಲ್ಲಿ ಜೊತೆಗೆ ಕೂತು ಬ್ರಿಟನ್ನಿನ ಬಗ್ಗೆ ಕಿತ್ತಾಡುತ್ತ ಬರುತ್ತಿದ್ದರು. ಫೈನಲ್ ಬೆಂಗಳೂರಿನಲ್ಲಿ, ಸಂಕ್ರಾಂತಿ ಕಳೆದ ವಾರ.

ಫೈನಲ್ಲಿನ ಹಿಂದಿನ ದಿನ ಮಧ್ಯಾಹ್ನ ಕಾಳಪ್ಪನ ಮಂದೆಯಿಂದ ಹತ್ತಾರು ಕುರಿ ಗಿರಿಗೌಡರ ಹಿಪ್ಪುನೇರಳೆಗೆ ನುಗ್ಗಿದವು. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ವಾರ, ಸೊಪ್ಪು ಒಂದು ದಿನ ತಪ್ಪಿದರೆ ಇಡೀ ಬೆಳೆ ಹೋಗುತ್ತದೆ. ಹಿಂದಿನ ವರ್ಷವಾಗಿದ್ದರೆ ಗಿರಿಗೌಡರು ದೊಣ್ಣೆ ಹಿಡಿದು ಬರುತ್ತಿದ್ದರು, ಮಂಡಿಯ ಕೆಳಗೆ ನಾಲ್ಕು ಬೀಳುತ್ತಿತ್ತು, ಸಂಜೆ ಪಂಚಾಯ್ತಿ ಸೇರಿ ಹಟ್ಟಿಯವರು ಒಂದು ಮರಿ ದಂಡ ಕೊಡುತ್ತಿದ್ದರು. ಈ ಸಲ ಅವರು ಮಚ್ಚು ಹಿಡಿದು ಬಂದರು. ಸಿಕ್ಕ ಮೂರು ಕುರಿಗಳ ಕುತ್ತಿಗೆ ಕಡಿದರು. ಅಡ್ಡ ಬಂದ ಕಾಳಪ್ಪನ ಹೆಗಲ ಮೂಳೆ ಕಾಣುವಂತೆ ಬೀಸಿದರು. ಕೋರ್ಟಿನಲ್ಲಿ ವಕೀಲರು ಯಾಕೆಂದು ಕೇಳಿದ್ದಕ್ಕೆ ಗಿರಿಗೌಡರು ಕೊಟ್ಟ ಉತ್ತರವನ್ನು ನಾನೇ ಕೇಳಿದೆ. "ಒಂದೇಟು ಹೊಡುದ್ರೂ ನಲವತ್ತು ಜನ ಬತ್ತಾರೆ. ಅವ್ರು ಬರಾಕೆ ಮುಂಚೆ ಏಳ್ದಂಗೆ ಹೊಡೀದೆ ಇನ್ನೇನ್ ಮಾಡ್ಲಿ ಸ್ವಾಮಿ?"

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮಾದೇಶ ಅಲ್ಲಿಂದಲೇ ಮರಳುದೊಡ್ಡಿಗೆ ಫೋನು ಮಾಡಿದ. ಬನ್ನಿ ಎಂದಷ್ಟೇ ಹೇಳಿದ. ಬಂದು ಕಣದ ಹತ್ತಿರ ನಿಂತರೆ ಸಾಕು, ನಲವತ್ತು ಜನರನ್ನು ಕಂಡರೆ ಗಿರಿಗೌಡ ತಾನಾಗಿ ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಅವನ ಲೆಕ್ಕ. ವೇದಿಕೆಯ ಮೇಲೆ ಹೇಳಿದ್ದನ್ನು ಅವನು ನಂಬಿದ್ದ.

ಇದಾವುದೂ ತಿಳಿಯದೆ ಮರುದಿನ ಬೆಳಗ್ಗೆ ಎಂಟಕ್ಕೆ ನಾನು ಕವಲಿನಲ್ಲಿ ಇಳಿದು ಹುಡುಗರಿಬ್ಬರಿಗೂ ಕಾಯುತ್ತಿದ್ದೆ. ಇಬ್ಬರನ್ನೂ ಕರೆದುಕೊಂಡು ಬೆಂಗಳೂರಿನ ಬಸ್ಸು ಹಿಡಿಯಬೇಕು. ಯಾರೂ ಬರಲಿಲ್ಲ. ಹೊನ್ನಗಟ್ಟೆಯ ಕಡೆಯಿಂದ ಹೊಗೆ ಎದ್ದಿತು, ಆಮೇಲೆ ಕೂಗು. ಊರಿನ ರಸ್ತೆಗೆ ಅಡ್ಡಲಾಗಿ ಯಾರೋ ದಪ್ಪ ಕಲ್ಲುಗಳನ್ನು ಉರುಳಿಸಿದ್ದರು. ಅವನ್ನು ದಾಟಿ ಓಡಿದೆ. ಅಲ್ಲಿ ಹೋಗಿ ಏನು ಮಾಡಬೇಕೆಂದಿದ್ದೆ ಎಂದು ಕೇಳಬೇಡಿ.

ಊರ ಮುಂದಿನ ಕಣದಲ್ಲಿ ಸಾಲಾಗಿ ಹುಲ್ಲಿನ ಮೆದೆಗಳಿದ್ದವು. ಮೂರಕ್ಕೆ ಬೆಂಕಿ ಹತ್ತಿತ್ತು. ಹೆಂಗಸರು ಕೊಡದಲ್ಲಿ ನೀರು ಹೊಯ್ಯುತ್ತಿದ್ದರು, ಅವರ ನಡುವೆಯೇ ಗಂಡಸರು ಹೊಡೆದಾಡುತ್ತಿದ್ದರು. ಮರಳುದೊಡ್ಡಿಯವರು ಎರಡು ಟ್ರ್ಯಾಕ್ಟರಿನಲ್ಲಿ ಕೆರೆ ಏರಿಯ ಮೇಲೆ ಬಂದಿದ್ದರು. ನಿಲ್ಲಲು ಬಂದವರು ನಿಂತಿರಲಿಲ್ಲ. ಅವರಿಗೆ ಕೆರೆ ನೀರಿನ ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬೆಳಗು ಸಿಕ್ಕುವಂತಿರಲಿಲ್ಲ. ಒಬ್ಬನ ಕಿವಿ ಹರಿದು ಕೆನ್ನೆಗೆ ನೇತಾಡುತ್ತಿತ್ತು, ಅವನು ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ದೊಣ್ಣೆ ಬೀಸುತ್ತಿದ್ದ. ನೀರು ಹೊತ್ತ ಮುದುಕಿಯೊಬ್ಬರ ಕೈಗೆ ಹಾರೆಯ ಏಟು ಬಿದ್ದು ಕೊಡ ಉರುಳಿತು, ಕೈ ಮೊಣಕೈಯಲ್ಲಿ ತಿರುಚಿಕೊಂಡಿತು. ಮಂಡಿಯಿಂದ ಕೆಳಕ್ಕೆ ಹೊಡೆಯುವವನು ಅಲ್ಲಿ ಒಬ್ಬನೂ ಇರಲಿಲ್ಲ. ನಾನು ಒಂದು ಹುಣಸೆಮರದ ಹಿಂದೆ ನಿಂತುಬಿಟ್ಟೆ. ತರಗತಿಯಲ್ಲಿ ಮೂರು ಕೋಣೆ ಆಚೆಗೆ ಕೇಳುವ ನನ್ನ ಗಂಟಲಿನಿಂದ ಒಂದು ಶಬ್ದ ಹೊರಡಲಿಲ್ಲ.

ಆಗ ಪುಟ್ಟರಾಜು ರಾಗಿ ಒಕ್ಕುವ ಗುಂಡುಕಲ್ಲಿನ ಮೇಲೆ ಹತ್ತಿ ನಿಂತ. ಸ್ಪರ್ಧೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಕೈ ಎತ್ತಿ, ನಾನು ಕಲಿಸಿದ ಹಾಗೆಯೇ ಎದೆಯಿಂದ ಧ್ವನಿ ತೆಗೆದ.

"ಮರಳುದೊಡ್ಡಿಯೋರೇ, ಒಂದ್ನಿಮ್ಸ ಕೇಳ್ರಪ್ಪಾ! ನೀವು ಎಲೆ ಹಿಡ್ದಿರೋದು ನಿಜ. ಬಂದಿದೀರಿ, ಮಾತು ಉಳಿಸ್ಕಂಡಿದೀರಿ. ಬಂದ್ಮೇಲೆ ಹೊಡೀಲೇಬೇಕು ಅಂತ ಎಲ್ಲೂ ಬರ್ದಿಲ್ಲ! ಎಷ್ಟು ಸಹಾಯ ಮಾಡ್ಬೇಕು ಅನ್ನೋದು ನಿಮ್ಮ ನಿಮ್ಮ ತೀರ್ಮಾನ. ಆಸ್ಪತ್ರೆಗೆ ಹೋಗಿ ಕಾಳಪ್ಪಣ್ಣನ ನೋಡ್ಕಳಿ, ಅದೂ ಸಹಾಯಾನೇ. ದಂಡ ಕೇಳಿ, ನಾನೇ ನಮ್ಮ ದೊಡ್ಡಪ್ಪನ ಕೈಲಿ ಕೊಡುಸ್ತೀನಿ. ಮಾತು ಉಳಿಸ್ಕಳಾಕೆ ಮಚ್ಚೇ..."

ಇಬ್ಬರು ಮೂವರು ನಿಜವಾಗಿಯೂ ನಿಂತು ಕೇಳಿದರು. ಒಬ್ಬ ದೊಣ್ಣೆ ಇಳಿಸಿದ್ದನ್ನು ನಾನು ಕಂಡೆ. ಕಲ್ಲಿನ ಹಿಂದಿನಿಂದ ಬಂದ ಮರಳುದೊಡ್ಡಿಯವನೊಬ್ಬ ಕೇಳಲಿಲ್ಲ. ಮಚ್ಚು ಕಿವಿಯ ಹಿಂದೆ, ಕುತ್ತಿಗೆಯ ಬುಡಕ್ಕೆ ಬಿತ್ತು. ಪುಟ್ಟರಾಜು ಎತ್ತಿದ ಕೈ ಇಳಿಸದೆಯೇ ಕಲ್ಲಿನಿಂದ ಮುಂದಕ್ಕೆ ಬಿದ್ದ. ಬಿಳಿ ಅಂಗಿ ನೋಡುತ್ತಿದ್ದಂತೆ ಕೆಂಪಾಯಿತು.

ಮಾದೇಶ ಎಲ್ಲಿದ್ದನೋ, ಹುಚ್ಚನಂತೆ ಓಡಿಬಂದು ಅವನ ಮೇಲೆ ಅಡ್ಡ ಬಿದ್ದ. ಎರಡನೆಯ ಏಟು ಮಾದೇಶನ ಬೆನ್ನಿಗೇ ಬಿತ್ತು. "ನಾನು ಹಟ್ಟಿಯೋನು ಕಣ್ರಲಾ! ನಾನು ಮಾದೇಶ ಕಣ್ರಲಾ! ಬುಡ್ರಲಾ, ನಾನೇ ಕರ್ಸಿದ್ದು!" ಎಂದು ಕಿರುಚುತ್ತಿದ್ದ. ಮಚ್ಚು ಹಿಡಿದವನು ಎಲೆ ಹಿಡಿದ ದಿನ ಹಟ್ಟಿಗೆ ಬಂದವನಲ್ಲ, ಮಾದೇಶನ ಮುಖವೂ ಅವನಿಗೆ ಗೊತ್ತಿರಲಿಲ್ಲ. ಮೂರನೆಯ ಏಟಿಗೆ ಅವನ ಎಡಗೈಯ ಎರಡು ಬೆರಳು ಹೋದವು. ನಾನು ಆಗ ಮರದ ಹಿಂದಿನಿಂದ ಹೊರಗೆ ಬಂದೆ, ಎಲ್ಲ ಮುಗಿದ ಮೇಲೆ.

ಊರಿನ ಟೆಂಪೋ ಒಂದರಲ್ಲಿ ಪುಟ್ಟರಾಜುವನ್ನು ಮಲಗಿಸಿದೆವು. ಅವನ ತಲೆ ನನ್ನ ತೊಡೆಯ ಮೇಲೆ, ಕುತ್ತಿಗೆಗೆ ನನ್ನ ಸೆರಗು ಒತ್ತಿ ಹಿಡಿದಿದ್ದೆ. ರಕ್ತ ಬಿಸಿಯಾಗಿ ಬೆರಳ ಸಂದಿಯಿಂದ ಉಕ್ಕುತ್ತಲೇ ಇತ್ತು. ಕವಲಿನಲ್ಲಿ ಆ ಕಲ್ಲುಗಳು. ಡ್ರೈವರ್ ಇಳಿದು ಒಂದೊಂದೇ ಉರುಳಿಸಿದ, ಮಾದೇಶ ತುಂಡು ಬೆರಳಿನ ಕೈಯಲ್ಲೇ ತಳ್ಳಿದ. ದಾರಿ ಬಿಡುವಷ್ಟರಲ್ಲಿ ಉಕ್ಕುವುದು ನಿಂತಿತ್ತು. ಮಾದೇಶ ಮತ್ತೆ ಹತ್ತಿ, "ಮೇಡಂ, ಹೋಗಾನ, ಹೋಗಾನ" ಎನ್ನುತ್ತಲೇ ಇದ್ದ. ನಾನು ಅವನಿಗೆ ಹೇಳಲಿಲ್ಲ. ಮಾಗಡಿ ಆಸ್ಪತ್ರೆಯ ಬಾಗಿಲವರೆಗೂ ಸೆರಗು ಒತ್ತಿಕೊಂಡೇ ಕೂತಿದ್ದೆ.

ಪೊಲೀಸರು ಮೂರು ಊರಿನ ಗಂಡಸರನ್ನೂ ಹಿಡಿದರು. ನಾನು ಸಾಕ್ಷಿ ಹೇಳಿದೆ. ಮಚ್ಚು ಬೀಸಿದವನಿಗೆ ಜೀವಾವಧಿಯಾಯಿತು. ತಾನು ಕೊಂದವನ ಹೆಸರು ಅವನಿಗೆ ಗೊತ್ತಾದದ್ದು ಆರೋಪಪಟ್ಟಿ ಓದಿದಾಗ. ಕಾಳಪ್ಪನ ಹೆಗಲು ಕಡಿದದ್ದಕ್ಕೆ ಗಿರಿಗೌಡರೂ ಒಳಗೆ ಹೋದರು. ಜನ ಕರೆಸಿದ್ದಕ್ಕೆ ಮಾದೇಶ ಬಹಳ ತಿಂಗಳು ಜೈಲಿನಲ್ಲಿದ್ದು ಬಿಡುಗಡೆಯಾದ. ಜೈಲಿಗೆ ಒಮ್ಮೆ ಹೋಗಿ ಅವನಿಗೆ ಐದನೇ ಕಲಮಿನ ಉಳಿದರ್ಧವನ್ನು ಹೇಳಿದೆ. ಪುಟ್ಟರಾಜುವಿಗೆ ಅದು ಗೊತ್ತಿತ್ತು, ನಿನಗೆ ಹೇಳಬೇಡ ಎಂದವಳು ನಾನೇ ಎಂದೂ ಹೇಳಿದೆ. ಬೈಯುತ್ತಾನೆ, ಬೈದರೆ ಹಗುರಾಗುತ್ತೇನೆ ಎಂಬ ಆಸೆಯಿತ್ತು. ಅವನು ಜಾಲರಿಗೆ ಹತ್ತಿರ ಬಂದ.

"ಒಸಿ ಮುಂಚೆ ಹೇಳ್ಬೇಕಾಗಿತ್ತು ಮೇಡಂ" ಎಂದ. ಅಷ್ಟೇ.

ಆ ವರ್ಷದ ಕೊನೆಗೆ ಕಾಲೇಜು ನನ್ನನ್ನು ಮುಂದುವರಿಸಲಿಲ್ಲ. ನಾನೂ ಕೇಳಲಿಲ್ಲ.

ಹೋದ ತಿಂಗಳು ಕವಲಿನಲ್ಲಿ ಇಳಿದವಳು ಪುಟ್ಟರಾಜುವಿನ ಮನೆಗೆ ನಡೆದುಕೊಂಡೇ ಹೋದೆ. ಊರ ಹೊರಗಿನ ಅವರ ಹೊಲದಲ್ಲಿ ಮಂದೆ ಕೂಡಿತ್ತು. ಕುರಿಗಳ ನಡುವೆ ನಿಂತಿದ್ದವನು ಮಾದೇಶ. ನನ್ನನ್ನು ಕಂಡು ಮೂರೇ ಬೆರಳಿನ ಎಡಗೈ ಎತ್ತಿದ, ಹತ್ತಿರ ಬರಲಿಲ್ಲ. ಪುಟ್ಟರಾಜುವಿನ ತಾಯಿ ಲಕ್ಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಗುರುತು ಹಿಡಿದರು.

"ಬನ್ನಿ ಮೇಷ್ಟ್ರಮ್ಮ, ಕುಂತ್ಕಳಿ" ಎಂದರು. ಹೊಲದ ಕಡೆ ನಾನು ನೋಡಿದ್ದನ್ನು ನೋಡಿ, "ಜೈಲಿಂದ ಬಂದಾಗಿಂದ ಪ್ರತಿ ವರ್ಷ ಬತ್ತಾನೆ. ಮಂದೆ ಕೂಡಿದ್ದಕ್ಕೆ ರಾಗಿ ಕೊಟ್ರೆ ಮುಟ್ಟಾಕಿಲ್ಲ. ನಾನೂ ಮಾತಾಡ್ಸಾಕಿಲ್ಲ. ನೀರು ಮಾತ್ರ ಬದೀಗಿಟ್ಟು ಬತ್ತೀನಿ" ಎಂದರು. ಸ್ವಲ್ಪ ಹೊತ್ತು ಕಾಯಿ ಸುಲಿದು, "ಒಂದ್ ಕೇಳ್ಬೇಕು ಅಂತಿದ್ದೆ ನಿಮ್ಮುನ್ನ. ಅಂವ ಕೊಟ್ಟಿಗೇಲಿ ಹಸುಗಳ ಮುಂದೆ ನಿಂತ್ಕಂಡು ದಿನಾ ಹೇಳ್ಕತಿದ್ದ, ಇಂಗ್ಲೆಂಡಿನೋರು ಹಂಗ್ ಮಾಡ್ಬೇಕು, ಹಿಂಗ್ ಮಾಡ್ಬಾರ್ದು ಅಂತ. ಅವ್ರು ಕೊನೆಗೆ ಏನ್ ಮಾಡುದ್ರು? ಆ ಕೂಟದಲ್ಲಿ ಉಳ್ಕಂಡ್ರಾ, ಬುಟ್ರಾ?"

"ಕೂಟದಲ್ಲೇ ಇದಾರೆ ಅವ್ವಾ. ಇರ್ಬೇಕಾ ಬೇಡ್ವಾ, ಎಷ್ಟು ಹಣ ಹಾಕ್ಬೇಕು ಅಂತ ಇನ್ನೂ ಮಾತಾಡ್ತಾನೇ ಇದಾರೆ."

ಲಕ್ಕಮ್ಮ ಸಿಪ್ಪೆಯನ್ನು ಮೊರದ ಆಚೆಗೆ ಒತ್ತರಿಸಿದರು. "ಮಾತಾಡ್ಲಿ ಬುಡಿ. ಮಾತಾಡ್ತಾ ಇರೋಗಂಟ ಯಾರ ಮನೆ ಮಗನೂ ಸಾಯಾಕಿಲ್ಲ" ಎಂದು, ನನಗೆ ಮುದ್ದೆ ಬಡಿಸಲು ಒಳಗೆ ಎದ್ದು ಹೋದರು.

ಅವರ ಮಗ ಸತ್ತದ್ದು ಮಾತಾಡುತ್ತಲೇ. ಕೋರ್ಟಿನಲ್ಲಿ ಏಟಿನ ಬಗ್ಗೆ ಕೇಳಿದರು, ಮಾತಿನ ಬಗ್ಗೆ ಯಾರೂ ಕೇಳಲಿಲ್ಲ. ಕಣದಲ್ಲಿದ್ದ ಊರವರೂ ತಾಯಿಗೆ ಹೇಳಿರಲಿಲ್ಲ, ಅವರಿಗದು ಗೊತ್ತಿಲ್ಲವೆಂದು ಆಗ ತಿಳಿಯಿತು. ತಟ್ಟೆ ಬಂತು. ನಾನು ಬಾಯಿ ಬಿಡದೆ ಮುದ್ದೆ ಮುರಿದೆ.